ನೀರು ಹಾಕೋ ಹುಡುಗ

ಮೈಸೂರಲ್ಲಿ ಬೋಗಾದಿ ಆಚೆ ನಮ್ದೊಂದು ತರ್ಟಿ ಫಾರ್ಟಿ ಸೈಟಿದೆ. 11 ವರ್ಷ ಅಲ್ಲಿ ಪಾರ್ಥೇನಿಯಂ ಸೊಂಪಾಗಿ ಬೆಳೀತು, ನಾನು ಪ್ರತಿ ವರ್ಷ "ಆಷಾಢ ಕಳೀಲಿ" ಅಂತಿದ್ದೆ. ಹೋದ ವರ್ಷ ಆಷಾಢ ಕಳೆದ ಮಾರನೇ ದಿನಾನೇ ಹೆಂಡ್ತಿ ಕಾಫಿ ಲೋಟ ಕುಕ್ಕಿ, "ಕಂಟ್ರಾಕ್ಟರ್ ಯಾರು ಹೇಳಿ" ಅಂದ್ಳು.

ಮೊದಲನೆಯವರು ಲ್ಯಾಪ್‌ಟಾಪ್ ತೆಗೆದು ನಮ್ಮನೆ ತ್ರೀಡಿ ಫೋಟೋ ತೋರಿಸಿದ್ರು, ಎರಡು ಪಾಮ್ ಮರ, ಒಂದು ಕೆಂಪು ಕಾರು, ಪಕ್ಕದಲ್ಲಿ ನನಗಿಂತ ಚೆನ್ನಾಗಿರೋ ಒಬ್ಬ ಯಜಮಾನ. ಸಿಮೆಂಟ್ ಯಾವುದು ಅಂದ್ರೆ "ಒಳ್ಳೇದೇ ಸಾರ್", ಕಂಬಿ ಯಾವುದು ಅಂದ್ರೆ "ಅದೂ ಒಳ್ಳೇದೇ". ಬ್ರ್ಯಾಂಡು, ಗ್ರೇಡು, ಯಾವ ಕೆಲ್ಸ ಮುಗಿದ್ಮೇಲೆ ಎಷ್ಟು ದುಡ್ಡು, ಎಲ್ಲಾ ಅಗ್ರಿಮೆಂಟಲ್ಲಿ ಬರೀರಿ ಅಂದಿದ್ದಕ್ಕೆ "ನಂಬಿಕೆ ಮುಖ್ಯ ಸಾರ್" ಅಂತ ಲ್ಯಾಪ್‌ಟಾಪ್ ಮುಚ್ಚಿದ್ರು. ಅಷ್ಟು ನಂಬಿಕೆ ಇದ್ರೆ ಅಡ್ವಾನ್ಸ್ ಯಾಕೆ ಕೇಳಿದ್ರೋ.

ಎರಡನೆಯವನ ರೇಟು ಚದರಕ್ಕೆ ಎಷ್ಟು ಕಮ್ಮಿ ಅಂದ್ರೆ ನಾನು ಮನಸ್ಸಲ್ಲೇ ಗೃಹಪ್ರವೇಶದ ಊಟ ಬಡಿಸ್ತಿದ್ದೆ. ಹೆಂಡ್ತಿ ಕೇಳಿದ್ಳು, ಸಂಪು? ಎಕ್ಸ್‌ಟ್ರಾ. ಕಾಂಪೌಂಡು? ಎಕ್ಸ್‌ಟ್ರಾ. ಮೆಟ್ಲು? ಸ್ವಲ್ಪ ಯೋಚ್ನೆ ಮಾಡಿ, ಅದೂ ಎಕ್ಸ್‌ಟ್ರಾ ಮೇಡಂ. ಆದ್ರೂ ಅವನು ಕಟ್ಟಿದ ಮನೆ ನೋಡೋಣ ಅಂತ ದಟ್ಟಗಳ್ಳಿಗೆ ಹೋದ್ವಿ. ಆ ಮನೆ ಯಜಮಾನ್ರು ಚಕ್ಕುಲಿ ಕೊಟ್ಟು, ಬಾಗ್ಲು ಹಾಕಿ, ಮೆತ್ತಗೆ ಕೇಳಿದ್ರು: "ನೀವು ಮಾಡಿದ್ರೆ ಫೋನ್ ಎತ್ತುತ್ತಾನಾ?" ಹೂಂ ಅಂದೆ. "ಈಗ್ಲೇ ಮಾಡಿ, ಸ್ಪೀಕರ್ ಹಾಕಿ." ಅವರ ಬಾತ್‌ರೂಮಲ್ಲಿ ನೀರು ಟ್ರ್ಯಾಪ್ ಕಡೆಗೆ ಹೋಗೋ ಬದ್ಲು ಬೆಡ್‌ರೂಮ್ ಕಡೆ ಬರುತ್ತಂತೆ, ಎಂಟು ತಿಂಗಳಿಂದ ವೈಪರ್ ಹಿಡಿದಿದಾರೆ. ಫೋನ್ ಮಾಡ್ದೆ, "ಹೇಳಿ ಸಾರ್" ಅಂದ, ಯಜಮಾನ್ರು "ಲೋ!" ಅಂದ್ರು, ಕಟ್ಟಾಯ್ತು. ಅವತ್ತಿಂದ ನನ್ ನಂಬರ್ರೂ ಎತ್ತಲ್ಲ.

ಮೂರನೆಯವನು ಮಂಡ್ಯದ ಮೇಸ್ತ್ರಿ, ಟಿವಿಎಸ್ಸಲ್ಲಿ ಬಂದ. ಹೆಂಡ್ತಿದು ಒಂದೇ ಪ್ರಶ್ನೆ, ಕ್ಯೂರಿಂಗ್‌ಗೆ ನೀರು ಯಾರು ಹಾಕ್ತಾರೆ? (ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದ್ರೆ 10 ದಿನ ಕಾಂಕ್ರೀಟು ಒಣಗಬಾರ್ದು ಅಂತ ಅವ್ಳ ತಮ್ಮ ಹೇಳಿದ್ದ, ಆ ಇಂಜಿನಿಯರ್ ಬಾಮೈದನ್ನ ನಾನು ಕೇಳ್ದೇ ಇದ್ದಿದ್ದು ನನ್ ತಪ್ಪು ಅಂತ ಆಮೇಲೆ ತೀರ್ಮಾನ ಆಯ್ತು.) ಮೇಸ್ತ್ರಿ, "ನಮ್ ಹುಡ್ಗ ಇರ್ತನೆ ಕನಕ್ಕ, ಮೋಲ್ಡ್ ಮ್ಯಾಲೆ ಪಾತಿ ಕಟ್ಟಿ ಗದ್ದೆಗ್ ಬುಟ್ಟಂಗೆ ನೀರ್ ಬುಡ್ತನೆ" ಅಂದ. ಅಗ್ರಿಮೆಂಟಿಗೂ ಸೈನ್ ಹಾಕ್ದ. ಫಿಕ್ಸ್.

ಮೋಲ್ಡ್, ಅಂದ್ರೆ ಛಾವಣಿ ಕಾಂಕ್ರೀಟು, ಆಯ್ತು, ಎಲ್ರಿಗೂ ಬಿರಿಯಾನಿ ಆಯ್ತು. ಮಾರನೇ ದಿನ ಹುಡುಗ ಇಲ್ಲ. "ಅವ್ರೂರಲ್ಲಿ ಮಾರಿಹಬ್ಬ ಸಾ, ಬತ್ತನೆ ಬುಡಿ." ಹಬ್ಬ ಎಷ್ಟು ದಿನ ಅಂತ ಅಗ್ರಿಮೆಂಟಲ್ಲಿ ಬರೆದಿರ್ಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ, ಸಾಯಂಕಾಲ ಆರಕ್ಕೆ, ಹಳೇ ಚಡ್ಡಿ, ತಲೆಗೊಂದು ಟವೆಲ್, ಕೈಲಿ ಪೈಪು, ಪಕ್ಕದಲ್ಲಿ ದೃಷ್ಟಿ ಬೊಂಬೆ, ನಮ್ಮಿಬ್ರಲ್ಲಿ ಅದರ ಬಟ್ಟೆನೇ ವಾಸಿ.

ಒಂಬತ್ತನೇ ದಿನ ಕೆಳಗೆ ಕಾರು ನಿಂತು ಒಬ್ರು ಇಳಿದ್ರು. "ಏನಪ್ಪಾ, ಮೇಸ್ತ್ರಿ ಹೆಂಗೆ, ಕೆಲ್ಸ ಚೆನ್ನಾಗ್ ಮಾಡ್ತಾನಾ?" ಚೆನ್ನಾಗೇ ಮಾಡ್ತಾನೆ ಅಂದೆ, ಅದು ಸುಳ್ಳೇನಲ್ಲ. "ಓನರ್ ಇದಾರಾ?" ಊರಲ್ಲಿಲ್ಲ ಅಂದೆ. ಅವರು ಮೋಲ್ಡ್ ಮೇಲೆ ನಿಂತ ನೀರು ನೋಡಿದ್ರು, ನನ್ನ ನೋಡಿದ್ರು.

"ತಿಂಗಳಿಗೆ ಎಷ್ಟು ಕೊಡ್ತಾರೆ ನಿಂಗೆ? ನಮ್ದೂ ಮುಂದಿನ್ ವಾರ ಮೋಲ್ಡ್ ಇದೆ."