ಕೆಲಸದ ಜಾಗದಲ್ಲಿ ‘ಇಂಗ್ಲಿಷ್ ಮಾತ್ರ’: ಪರ-ವಿರೋಧ

ಕೆಲಸದ ವೇಳೆ ಇಂಗ್ಲಿಷಿನಲ್ಲಿಯೇ ಮಾತನಾಡಬೇಕು ಎಂಬ ನಿಯಮ ಅಮೆರಿಕದ ಹಲವು ಸಂಸ್ಥೆಗಳಲ್ಲಿದೆ. ಅದು ಶಿಸ್ತೋ, ಬೇರೆ ದೇಶದಿಂದ ಬಂದವರಿಗೆ ಮಾಡುವ ತಾರತಮ್ಯವೋ? ಅಲ್ಲಿ ದುಡಿಯುತ್ತಿರುವ ಇಬ್ಬರು ಕನ್ನಡಿಗರು ಬರೆದಿದ್ದಾರೆ.

ಪರ: ಕೇಳಿಸಿಕೊಳ್ಳುವವರಿಗೂ ಹಕ್ಕಿದೆ

ಭಾಷೆಯ ಹಕ್ಕಿನ ಮಾತು ಬಂದಾಗಲೆಲ್ಲ ಎಲ್ಲರೂ ಮಾತನಾಡುವವರ ಪರ ನಿಲ್ಲುತ್ತಾರೆ. ಏನೂ ಅರ್ಥವಾಗದೆ ಪಕ್ಕದಲ್ಲಿರುವವರ ಪಾಡನ್ನು ಕೇಳುವವರಿಲ್ಲ. ನಾನು ಟೆಕ್ಸಸ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಸ್ಪ್ಯಾನಿಷ್, ಟಗಾಲೊಗ್, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಕನ್ನಡದವಳು ನಾನೊಬ್ಬಳೇ.

ಒಂದು ರಾತ್ರಿ ಪಾಳಿಯಲ್ಲಿ, ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿದ್ದ ವೃದ್ಧೆಯೊಬ್ಬರ ಹಾಸಿಗೆಯ ಬಟ್ಟೆ ಬದಲಿಸಬೇಕಿತ್ತು. ನನ್ನ ಇಬ್ಬರು ಸಹೋದ್ಯೋಗಿಗಳು ಅವರನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆಯನ್ನು ಬೆನ್ನಿನಡಿಗೆ ಸುರುಳಿ ಸುತ್ತಿ ಎಳೆಯುತ್ತಿದ್ದರು. ಆಕೆಯ ಬೆನ್ನು ಪೂರ್ತಿ ಬತ್ತಲೆಯಾಗಿತ್ತು. ಅವರಿಬ್ಬರು ಮಲಯಾಳದಲ್ಲಿ ಮಾತನಾಡುತ್ತಾ ಒಮ್ಮೆ ಜೋರಾಗಿ ನಕ್ಕರು. ಅವರು ಹೊರಗೆ ಹೋದ ಮೇಲೆ ಆ ಅಜ್ಜಿ ನನ್ನ ಮಣಿಕಟ್ಟು ಹಿಡಿದು, ‘ನನ್ನ ಬಗ್ಗೆ ಏನೆಂದರು?’ ಎಂದು ಕೇಳಿದರು. ನಾನು ಕಾಸರಗೋಡಿನ ಕಡೆಯವಳು, ಮಲಯಾಳ ಬರುತ್ತದೆ. ಅವರು ಮಾತನಾಡಿದ್ದು ಮಗಳ ನೃತ್ಯ ತರಗತಿಯ ಬಗ್ಗೆ. ಹಾಗೆಂದೇ ಹೇಳಿದೆ. ಅಜ್ಜಿ ನಂಬಲಿಲ್ಲ. ಆಮೇಲೆ ಅವರಿಬ್ಬರಲ್ಲಿ ಯಾರು ಬಂದರೂ ಮೈ ಮುಟ್ಟಲು ಬಿಡಲಿಲ್ಲ.

ಅವರಿಬ್ಬರೂ ಒಳ್ಳೆಯ ಕೈಗುಣದ ನರ್ಸುಗಳು, ರೋಗಿಯನ್ನು ಹೀಯಾಳಿಸುವ ಮನಸ್ಸಿನವರಲ್ಲ. ಆದರೆ ಬತ್ತಲೆ ಬೆನ್ನಿನಲ್ಲಿ ಮಲಗಿದವರಿಗೆ ಅದು ತಿಳಿಯುವುದು ಹೇಗೆ? ತಿಳಿಹೇಳಿದರೆ ಸಾಕು, ನಿಯಮ ಬೇಡ ಎನ್ನುತ್ತಾರೆ. ನಾನು ಹೇಳಿ ನೋಡಿದ್ದೇನೆ. ನಾಲ್ಕು ದಿನ ನಡೆಯುತ್ತದೆ, ಮತ್ತೆ ಹಳೆಯ ದಾರಿಯೇ. ನಿಯಮವನ್ನು ಬರೆದು ಗೋಡೆಗೆ ಹಚ್ಚಿದರೆ ಹೇಳುವವಳೂ ಕೆಟ್ಟವಳಾಗುವುದಿಲ್ಲ.

ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುತ್ತೇವಲ್ಲ, ಆ ಹೊತ್ತು ಇನ್ನೂ ಸೂಕ್ಷ್ಮ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು ಎಂಬುದನ್ನು ಇಬ್ಬರು ತಮ್ಮ ಭಾಷೆಯಲ್ಲೇ ಹೇಳಿಕೊಂಡರೆ, ತಪ್ಪನ್ನು ಹಿಡಿಯಬಹುದಾಗಿದ್ದ ಮೂರನೆಯವಳು ಅಲ್ಲಿದ್ದೂ ಇಲ್ಲದಂತೆ.

ನ್ಯಾಯಾಲಯವೂ ಇದನ್ನು ಒಪ್ಪಿದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಸ್ಪನ್ ಸ್ಟೀಕ್ ಎಂಬ ಮಾಂಸದ ಕಂಪನಿ 1990ರಲ್ಲಿ ಇಂಗ್ಲಿಷ್ ನಿಯಮ ತಂದಿತು. ಎರಡು ಭಾಷೆ ಬಲ್ಲ ಕೆಲವರು, ಒಂದೇ ಭಾಷೆ ಬಲ್ಲ ಸಹೋದ್ಯೋಗಿಗಳನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಹೀಯಾಳಿಸುತ್ತಾರೆಂಬ ದೂರು ಅದಕ್ಕೆ ಕಾರಣ. ಇಂಗ್ಲಿಷ್ ಬಲ್ಲ ನೌಕರರಿಗೆ ಇದರಿಂದ ಅನ್ಯಾಯವಾಗದು ಎಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ವಿರೋಧಿಸುವವರ ಮಾತು ಕೇಳಿದರೆ, ಎಂಟು ಗಂಟೆ ಇಂಗ್ಲಿಷ್ ಮಾತನಾಡಿದವರು ಮನೆಗೆ ಬರುವಷ್ಟರಲ್ಲಿ ತಾಯಿಭಾಷೆಯನ್ನೇ ಮರೆತುಬಿಡುತ್ತಾರೆ! ಊಟದ ಬಿಡುವಿನಲ್ಲೂ ನಿರ್ಬಂಧವೇ ಎಂದು ಕೇಳುತ್ತಾರೆ. ನಮ್ಮ ವಾರ್ಡಿನಲ್ಲಿ ಬಿಡುವೆಂಬುದು ಎಲ್ಲಿದೆ? ತುತ್ತು ಬಾಯಿಗಿಡುವಷ್ಟರಲ್ಲಿ ಕರೆಗಂಟೆ ಬಡಿಯುತ್ತದೆ.

ವಿರೋಧ: ಊಟದ ಮೇಜಿಗೆ ಯಾಕೆ ಬರಬೇಕು?

ಸಂಪಾದಕರು ವಿರೋಧದ ಪಕ್ಷವನ್ನು ನನಗೆ ವಹಿಸಿದ್ದಾರೆ. ಆಪರೇಷನ್ ಥಿಯೇಟರಿನಲ್ಲಿ ಎಲ್ಲರಿಗೂ ತಿಳಿಯುವ ಒಂದೇ ಭಾಷೆ ಇರಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ನನ್ನ ತಕರಾರು ಆ ಬಾಗಿಲಿನ ಹೊರಗೆ ಶುರುವಾಗುತ್ತದೆ.

1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯದ ಪ್ರಕಾರ, 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಯಾರನ್ನೂ ಅವರ ರಾಷ್ಟ್ರೀಯ ಮೂಲದ ಕಾರಣಕ್ಕೆ ಬೇರೆಯಾಗಿ ಕಾಣುವಂತಿಲ್ಲ. ಸಮಾನ ಉದ್ಯೋಗಾವಕಾಶ ಆಯೋಗವು 1980ರಲ್ಲಿ ಇದನ್ನು ಬಿಡಿಸಿ ಹೇಳಿತು: ಎಲ್ಲ ಹೊತ್ತಿಗೂ ಅನ್ವಯಿಸುವ ಇಂಗ್ಲಿಷ್ ನಿಯಮವನ್ನು ತಾರತಮ್ಯವೆಂದೇ ಭಾವಿಸಲಾಗುವುದು, ನಿರ್ದಿಷ್ಟ ಹೊತ್ತಿಗೆ ಸೀಮಿತವಾದ ನಿಯಮಕ್ಕೂ ವ್ಯವಹಾರದ ನಿಜವಾದ ಅಗತ್ಯವನ್ನು ತೋರಿಸಬೇಕು. ಇದು ನ್ಯಾಯವಾದ ಗೆರೆ ಎಂಬುದು ನನ್ನ ಅಭಿಪ್ರಾಯ.

ನಿಯಮದ ಪರವಾದಿಗಳು ಸ್ಪನ್ ಸ್ಟೀಕ್ ತೀರ್ಪನ್ನು ತಪ್ಪದೆ ಎತ್ತುತ್ತಾರೆ. ಆಯೋಗದ ಈ ನಿಲುವನ್ನು ಆ ನ್ಯಾಯಾಲಯ ಒಪ್ಪಲಿಲ್ಲ, ನಿಜ. ಆದರೆ ಊಟದ ಹೊತ್ತಿನಲ್ಲಿ, ಬಿಡುವಿನಲ್ಲಿ ಸ್ಪ್ಯಾನಿಷ್ ಮಾತನಾಡಲು ಆ ಕಂಪನಿಯೇ ಬಿಟ್ಟಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಕ್ಲಹೋಮಾದ ಆಲ್ಟಸ್ ನಗರಾಡಳಿತದ ಪ್ರಕರಣ ಬೇರೆ. ಅಲ್ಲಿ ನಿಯಮ ಬಿಡುವಿನ ವೇಳೆಗೂ ಚಾಚಿತ್ತೆಂಬುದು ನೌಕರರ ದೂರು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ದಾವೆಗೆ ಮತ್ತೆ ಜೀವ ಕೊಟ್ಟಿತು.

ನಿಯಮ ಕಾಗದದ ಮೇಲೆ ಎಷ್ಟೇ ಚಂದವಿರಲಿ, ಅದನ್ನು ಯಾರ ಮೇಲೆ ಚಲಾಯಿಸುತ್ತಾರೆ ಎಂಬುದನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಡೆಲಾನೋದ ಆಸ್ಪತ್ರೆಯೊಂದರಲ್ಲಿ ಫಿಲಿಪಿನೋ ಮೂಲದ ಸಿಬ್ಬಂದಿಯನ್ನಷ್ಟೇ ಸಭೆಗೆ ಕರೆದು, ತಮ್ಮ ಭಾಷೆ ಮಾತನಾಡಿದರೆ ಕ್ಯಾಮೆರಾ ಹಾಕಿಸುವುದಾಗಿ ಎಚ್ಚರಿಸಿದರು, ಬೇರೆ ಭಾಷೆಗಳವರ ತಂಟೆಗೆ ಹೋಗಲಿಲ್ಲ ಎಂಬ ದೂರಿತ್ತು. ಸುಮಾರು 70 ಮಂದಿಯ ಆ ಪ್ರಕರಣ 2012ರಲ್ಲಿ 9,75,000 ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಮೇಲೆ, ಇನ್ನು ಕಚೇರಿಯಲ್ಲಿ ಕನ್ನಡ ಮಾತನಾಡುವಂತಿಲ್ಲ ಎಂದು ನಮ್ಮವರೇ ಹೆದರಿಕೊಂಡಿದ್ದಾರೆ. ಆ ಆದೇಶ ಸರ್ಕಾರಕ್ಕೆ ಸಂಬಂಧಿಸಿದ್ದು. ಖಾಸಗಿ ಕಂಪನಿಯ ನೌಕರ ಬಿಡುವಿನಲ್ಲಿ ಊರಿಗೆ ಫೋನು ಮಾಡಿ ಅಮ್ಮನೊಡನೆ ಮಾತನಾಡುವುದನ್ನು ಅದು ತಡೆಯುವುದಿಲ್ಲ. ಹಾಗೆ ತಡೆದವರ ಮೇಲೆ ಆಯೋಗಕ್ಕೆ ದೂರು ಕೊಡಲು 180 ದಿನಗಳ ಗಡುವಿದೆ. ರಾಜ್ಯದ ಕಾಯ್ದೆ ಮತ್ತು ಅದನ್ನು ಜಾರಿ ಮಾಡುವ ಸಂಸ್ಥೆ ಇರುವೆಡೆ 300 ದಿನ.