ಲಾಲ್‌ಬಾಗಿನಲ್ಲಿ ನೋಡದೇ ಬರುವುದು

ನೆಂಟರು ಬಂದರೆ ಲಾಲ್‌ಬಾಗ್ ತೋರಿಸುವುದು ಬೆಂಗಳೂರಿನವರ ಪಾಲಿಗೆ ಬಂದ ಕೆಲಸ. ಏನೇನು ತೋರಿಸಬೇಕು ಅನ್ನುವ ಪಟ್ಟಿಯೂ ಬಾಯಿಪಾಠ. ಗಾಜಿನ ಮನೆ, ಹೂವಿನ ಗಡಿಯಾರ, ಕೆರೆ, ಗುಡ್ಡದ ಮೇಲಿನ ಗೋಪುರ. ಇಷ್ಟಾದರೆ ಮುಗೀತು. ಇಷ್ಟರಲ್ಲಿ ಎಲ್ಲರೂ ನೋಡದೇ ಬರುವುದು ಒಂದಿದೆ. ಅದೂ ಅದರ ಮೇಲೇ ಹತ್ತಿ ನಿಂತು!

1760ರಲ್ಲಿ ಹೈದರಾಲಿ ತನಗಾಗಿ ಮಾಡಿಸಲು ಶುರು ಮಾಡಿದ ತೋಟ ಇದು. ಟಿಪ್ಪು ದೂರದೂರದ ದೇಶಗಳಿಂದ ಗಿಡ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ದೊರೆಗಳು ಓಡಾಡಿದ ಜಾಗದಲ್ಲಿ ಈಗ ಯಾರು ಬೇಕಾದರೂ ಬೆಂಚಿನ ಮೇಲೆ ಕಾಲು ಚಾಚಿ ತೂಕಡಿಸಬಹುದು. ಇದು ಚಿಕ್ಕ ಸುಖವೇನಲ್ಲ.

ಹೂವಿನ ಗಡಿಯಾರದ ಮುಂದೆ ಒಂದು ತಮಾಷೆ ನಡೆಯುತ್ತದೆ. ಜನ ಅದರ ಎದುರು ನಿಂತು, ಸುತ್ತಲಿನ ಕುಳ್ಳರ ಗೊಂಬೆಗಳೂ ಬರುವಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಗಂಟೆ ಎಷ್ಟಾಯಿತು ಅಂತ ಮೊಬೈಲ್ ನೋಡುತ್ತಾರೆ.

ಗಾಜಿನ ಮನೆಯದ್ದು ಬೇರೆ ಕಥೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯ ಈ ಕಟ್ಟಡಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ಜನವರಿ, ಆಗಸ್ಟ್‌ಗಳಲ್ಲಿ ಫಲಪುಷ್ಪ ಪ್ರದರ್ಶನ ಇರುವಾಗ ಒಳಗೆ ಹೋದರೆ ಹೂವಿಗಿಂತ ಮುಂದಿನವರ ತಲೆಯೇ ಜಾಸ್ತಿ ಕಾಣುತ್ತದೆ. ಮಿಕ್ಕ ದಿನ ಹೋದರೆ ಖಾಲಿ. ‘ಒಳಗೆ ಏನೂ ಇಲ್ವಾ?’ ಅಂತ ನೆಂಟರು ನಮ್ಮನ್ನೇ ತಪ್ಪಿತಸ್ಥರಂತೆ ನೋಡುತ್ತಾರೆ. ಅಡಿಗಲ್ಲು ಬಿದ್ದಾಗ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಸೀಮೆಬದನೆಕಾಯಿಯನ್ನು ಈ ಊರಿಗೆ ತಂದವರೂ ಅವರೇ ಅನ್ನುತ್ತಾರೆ. ಹಾಗೆ ನೋಡಿದರೆ ಲಾಲ್‌ಬಾಗಿನ ಒಂದು ಆಕರ್ಷಣೆ ನಮ್ಮೆಲ್ಲರ ಸಾಂಬಾರಿನಲ್ಲೇ ಇದೆ.

ತೋಟದಲ್ಲಿ ಕಲ್ಲಾಗಿ ಹೋದ ಒಂದು ಮರದ ತುಂಡೂ ಇದೆ. ತಮಿಳುನಾಡಿನ ತಿರುವಕ್ಕರೈಯಿಂದ ಬಂದದ್ದು. ವಯಸ್ಸು ಸುಮಾರು 2 ಕೋಟಿ ವರ್ಷ. ಫಲಕ ಓದಿದವರು ‘ಅಬ್ಬಾ’ ಅನ್ನುತ್ತಾರೆ. ಅನ್ನಲೇಬೇಕು ಬಿಡಿ. ಆದರೆ ಅದೇ ಜನ ಸ್ವಲ್ಪ ಹೊತ್ತಿಗೆ ಗುಡ್ಡ ಹತ್ತಿ, ಸುಮಾರು 300 ಕೋಟಿ ವರ್ಷದ ಬಂಡೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾರೆ. ಸಿಪ್ಪೆಯನ್ನೂ ಅಲ್ಲೇ ಬಿಡುತ್ತಾರೆ.

ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಸ್ಮಾರಕ ಅಂತ ಸಾರಿದೆ. ಹಾಗಂತ ಅಲ್ಲೇ ಬರೆದೂ ಇದೆ. ಆದರೆ ಮೇಲೆ ಹತ್ತಿದವರ ಕಣ್ಣೆಲ್ಲ ದೂರಕ್ಕೆ. ‘ನಮ್ಮನೆ ಯಾವ ಕಡೆ ಬರುತ್ತೆ?’ ಅನ್ನುವುದೇ ದೊಡ್ಡ ಪ್ರಶ್ನೆ. ಇಲ್ಲದಿದ್ದರೆ ಕೆಂಪೇಗೌಡರ ಗೋಪುರಕ್ಕೆ ಒಂದು ಸುತ್ತು. ಊರಿನ ನಾಲ್ಕು ದಿಕ್ಕಿಗೆ ನಿಲ್ಲಿಸಿದ ನಾಲ್ಕು ಗೋಪುರಗಳಲ್ಲಿ ಇದೂ ಒಂದು. ಊರು ಅದನ್ನು ದಾಟಿ ಎಲ್ಲಿಗೋ ಹೋಗಿ ಎಷ್ಟೋ ಕಾಲವಾಯಿತು. ಮಕ್ಕಳು ಮಾತ್ರ ಬಂಡೆಗೆ ನ್ಯಾಯ ಸಲ್ಲಿಸುತ್ತಾರೆ. ಚಡ್ಡಿ ಹರಿಯುವ ತನಕ ಜಾರುತ್ತಾರೆ.

ಕೂತಲ್ಲೇ ಬಗ್ಗಿ ನೋಡಿದರೆ ಸಾಕು. ಬೂದು ಕಲ್ಲಿನಲ್ಲಿ ಬಿಳಿ ಗೆರೆ, ಪಕ್ಕದಲ್ಲೇ ಕಪ್ಪು ಗೆರೆ. ಕೆಲವು ನೇರ ಹೋಗುತ್ತವೆ. ಕೆಲವು ಸೊಟ್ಟಗೆ ತಿರುಗಿ, ಮಡಚಿ, ಸೀರೆಯ ನೆರಿಗೆಯ ಹಾಗೆ ಒಂದರ ಮೇಲೊಂದು ಬಿದ್ದಿವೆ. ಕಲ್ಲು ಹೀಗೆ ಬಾಗಬೇಕಾದರೆ ನೆಲದ ಎಷ್ಟು ಆಳದಲ್ಲಿ, ಎಂಥ ಬಿಸಿಯಲ್ಲಿ, ಎಷ್ಟು ಭಾರದ ಅಡಿ ಸಿಕ್ಕಿ ನರಳಿರಬೇಕು! ಮೇಲಿದ್ದದ್ದೆಲ್ಲ ಮಳೆ ಗಾಳಿಗೆ ಸವೆದು ಹೋದ ಮೇಲೆ ಇದು ಬಿಸಿಲು ಕಂಡಿದೆ. ಭೂಮಿಯ ಮೇಲೆ ಹೂವು ಅನ್ನುವುದೇ ಇಲ್ಲದಿದ್ದಾಗಲೂ ಈ ಗೆರೆಗಳು ಇದ್ದವು. ಹೂದೋಟದ ನಡುವೆ ಕೂತು ಇದನ್ನು ಯೋಚಿಸಿದರೆ ಸ್ವಲ್ಪ ತಲೆ ಸುತ್ತುತ್ತದೆ, ಅಲ್ವಾ?

ಊರಿಂದ ಬಂದಿದ್ದ ಸೋದರಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಬಂಡೆ ಮುಟ್ಟಿ ನೋಡಿ, ‘ಹಾಗಾದ್ರೆ ಟಿಕೆಟ್ ಕೌಂಟರ್ ಗೇಟಿನ ಹತ್ರ ಯಾಕಿಟ್ಟವ್ರೆ? ಇಲ್ಲಿಡಬೇಕಿತ್ತು ಕಣೋ’ ಅಂದರು. ಆಮೇಲೆ ಒಂದು ಕಪ್ಪು ಗೆರೆಯ ಮೇಲೆ ಬೆರಳಿಟ್ಟು, ಅದು ಎಲ್ಲಿ ಮುಗಿಯುತ್ತದೆ ಅಂತ ಕೂತೇ ಸರಿಯುತ್ತಾ ಹೋದರು. ಗೆರೆ ಯಾರೋ ಹಾಸಿಕೊಂಡಿದ್ದ ಜಮಖಾನದ ಅಡಿ ಸೇರಿತ್ತು. ಮಾವ ಬಿಡಲಿಲ್ಲ. ‘ಸ್ವಲ್ಪ ಆ ಕಡೆ ಜರುಗ್ತೀರಾ ತಾಯಿ’ ಅಂತ ಕೇಳಿಯೇ ಬಿಟ್ಟರು.