‘ಮೋರ್ ನಿಯರ್’ ಎಂದು ಬರೆದ ಹುಡುಗಿಯ ಪರವಾಗಿ

ಮಂಡ್ಯದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೊನ್ನೆ ನೋಟ್‌ಬುಕ್ ತೆರೆದು ತೋರಿಸಿದಳು. ‘ಶ್ರೀರಂಗಪಟ್ಟಣ ಈಸ್ ಮೋರ್ ನಿಯರ್ ಟು ಮೈಸೂರು’ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಇಂಕಿನ ಗೆರೆ. ಹಾಳೆ ಹರಿಯುವಷ್ಟು ಒತ್ತಿ ಎಳೆದದ್ದು. ಸರಿ ಯಾವುದು ಅಂತ ಪಕ್ಕದಲ್ಲಿ ಒಂದಕ್ಷರ ಇಲ್ಲ. ಕ್ಲಾಸಿನಲ್ಲಿ ಎಲ್ಲರೂ ನಕ್ಕರಂತೆ. ಕೇಳಿ ಕರುಳು ಚುರುಕ್ ಅಂದಿತು.

ಅವಳು ಹೇಳಿದ ವಿಷಯ ಸರಿಯಾಗೇ ಇದೆ. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಗೆ ಸೇರಿದ್ದರೂ ಮಂಡ್ಯಕ್ಕಿಂತ ಮೈಸೂರಿಗೇ ಹತ್ತಿರ. ಈ ಮಾತಿನಲ್ಲಿ ‘ಹತ್ತಿರ’ ಒಂಚೂರೂ ಬದಲಾಗಿಲ್ಲ, ನೋಡಿ. ಹೋಲಿಕೆಯ ಭಾರವನ್ನೆಲ್ಲ ಹೊತ್ತಿರುವುದು ‘ಮಂಡ್ಯಕ್ಕಿಂತ’ ಅನ್ನುವ ಪದ. ಜಾಸ್ತಿ ಒತ್ತು ಬೇಕಾದರೆ ‘ಇನ್ನೂ’, ‘ತೀರಾ’ ಅಂತ ಮುಂದೆ ಸೇರಿಸುತ್ತೇವೆ, ಅಷ್ಟೆ. ಇಂಗ್ಲಿಷಿನಲ್ಲಿ ಹಾಗಲ್ಲ. ಇಂಥ ಚಿಕ್ಕ ಪದವಾದರೆ ಅದಕ್ಕೇ ಬಾಲ ಬೆಳೆಯಬೇಕು: ನಿಯರ್, ನಿಯರರ್, ನಿಯರೆಸ್ಟ್. ‘ಇನ್ನೂ ಹತ್ತಿರ’ ಎಂದು ಯೋಚಿಸುವ ಮಗು ‘ಮೋರ್ ನಿಯರ್’ ಅನ್ನದೆ ಇನ್ನೇನು ಅಂದೀತು? ಅದು ದಡ್ಡತನ ಅಲ್ಲ. ಅವಳ ತಲೆಯಲ್ಲಿ ಕನ್ನಡದ ವ್ಯಾಕರಣ ಗಟ್ಟಿಯಾಗಿ ಕೂತಿದೆ ಅಂತ ಅರ್ಥ.

‘ನಿಯರ್ ಮಿ ನೋ ಪೆನ್’ ಅನ್ನುವ ಮಕ್ಕಳೂ ಇದ್ದಾರೆ. ನಾವು ‘ನನ್ನ ಹತ್ತಿರ ಪೆನ್ ಇಲ್ಲ’ ಅಂತೇವಲ್ವಾ, ಅದೇ.

ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಹತ್ತಿರ’ ಅನ್ನುವುದಕ್ಕೆ ಇದ್ದ ಮೂಲ ಪದವೇ ಬೇರೆ. ಇವತ್ತು ಅಪರೂಪಕ್ಕೆ ಕಾಣುವ ‘ನೈ’ ಅದರಿಂದ ಬಂದದ್ದು. ‘ನಿಯರ್’ ಅಂದರೆ ಆಗ ‘ಇನ್ನೂ ಹತ್ತಿರ’. ‘ನೆಕ್ಸ್ಟ್’ ಅಂದರೆ ‘ಎಲ್ಲಕ್ಕಿಂತ ಹತ್ತಿರ’. ‘ನೇಬರ್’ ಪದದೊಳಗೂ ಅದೇ ‘ನೈ’ ಇದೆ, ಹತ್ತಿರ ವಾಸ ಇರುವವನು ಅಂತ. ಕಾಲ ಕಳೆದಂತೆ ‘ನಿಯರ್’ನಲ್ಲಿ ಆಗಲೇ ಹೋಲಿಕೆ ಇದೆ ಅನ್ನುವುದು ಅವರಿಗೇ ಮರೆತುಹೋಯಿತು. ಅದಕ್ಕೆ ಇನ್ನೊಂದು ಬಾಲ ಅಂಟಿಸಿ ‘ನಿಯರರ್’ ಮಾಡಿಕೊಂಡರು. ಲೆಕ್ಕ ಹಾಕಿದರೆ ಅದು ‘ಇನ್ನೂ ಇನ್ನೂ ಹತ್ತಿರ’! ಅವರು ಮಾಡಿದ್ದು ಭಾಷೆಯಾಯಿತು, ನಮ್ಮ ಹುಡುಗಿ ಬರೆದದ್ದಕ್ಕೆ ಕೆಂಪು ಗೆರೆ ಬಿತ್ತು.

ಹಾಗಂತ ತಪ್ಪನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ತನ್ನಿ ಅನ್ನುತ್ತಿದ್ದೇನೆ. ಆವತ್ತು ಸಂಜೆ ನಾನು ಹಾಗೇ ಮಾಡಿದೆ. ರೈಲಿನ ಚಿತ್ರ ಬರೆದೆ. ಗಾಡಿ ಶ್ರೀರಂಗಪಟ್ಟಣ ಬಿಟ್ಟು ಮಂಡ್ಯದ ಕಡೆ ಹೊರಟು ಎರಡು ನಿಮಿಷ ಆಗಿದೆ. ನೆಕ್ಸ್ಟ್ ಸ್ಟೇಷನ್ ಯಾವುದು? ‘ಪಾಂಡವಪುರ’ ಅಂದಳು. ನಿಯರೆಸ್ಟ್ ಯಾವುದು? ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಗಾಡಿಯ ಹಿಂದಕ್ಕೆ ಬೆರಳಿಟ್ಟು ‘ಶ್ರೀರಂಗಪಟ್ಟಣಾನೇ’ ಅಂದಳು. ಒಂದೇ ಬೇರಿನ ಎರಡು ಪದ ಹೇಗೆ ಬೇರೆ ಬೇರೆ ದಾರಿ ಹಿಡಿದಿವೆ ಅಂತ ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಆ ಕೆಂಪು ಗೆರೆಯ ಕೆಳಗೆ ಅವಳೇ ಹೊಸದಾಗಿ ಬರೆದಳು: ‘ಶ್ರೀರಂಗಪಟ್ಟಣ ಈಸ್ ನಿಯರರ್ ಟು ಮೈಸೂರು ದ್ಯಾನ್ ಟು ಮಂಡ್ಯ.’ ಎರಡನೇ ‘ಟು’ ಕೂಡ ಮರೆತಿರಲಿಲ್ಲ. ನಾಳೆ ‘ಕ್ಲೋಸ್’ ಹಿಡಿಯಬೇಕು. ಕ್ಲೋಸ್ ಫ್ರೆಂಡ್ ಅಂತಾರೆ, ನಿಯರ್ ಫ್ರೆಂಡ್ ಅಂತ ಯಾಕೆ ಅನ್ನಲ್ಲ ಅಂತ ಆಗಲೇ ಕೇಳಿ ಹೋಗಿದ್ದಾಳೆ.